ಆ 1,175 ಮೀಟರ್

ಬ್ರಿಟನ್ನಿನ ಸೈಕಲ್ ರೇಸುಗಾರ್ತಿ ಬೆರಿಲ್ ಬರ್ಟನ್ ಹೆಸರು ಬಂದಲ್ಲೆಲ್ಲ ಮಿಠಾಯಿಯ ಕಥೆಯೂ ಬರುತ್ತದೆ. 1967ರ ಸೆಪ್ಟೆಂಬರ್ 17, ಇಂಗ್ಲೆಂಡಿನ ಯಾರ್ಕ್‌ಷೈರ್. ಓಟ್ಲಿ ಸೈಕ್ಲಿಂಗ್ ಕ್ಲಬ್ ನಡೆಸಿದ ಹನ್ನೆರಡು ಗಂಟೆಯ ಟೈಮ್ ಟ್ರಯಲ್: ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯುವ ರೇಸ್, ಹನ್ನೆರಡು ಗಂಟೆಯಲ್ಲಿ ಹೆಚ್ಚು ದೂರ ಹೋದವರು ಗೆದ್ದಂತೆ. ಗಂಡಸರೆಲ್ಲ ಒಬ್ಬೊಬ್ಬರಾಗಿ ಹೊರಟಮೇಲೆ ಹೆಂಗಸರ ಸರದಿ. ಗಂಡಸರ ಪೈಕಿ ಕೊನೆಗೆ ಹೊರಟವರು ಮೈಕ್ ಮ್ಯಾಕ್‌ನಮಾರಾ. ಅವರಿಗಿಂತ ಎರಡು ನಿಮಿಷ ತಡವಾಗಿ ಹೊರಟವರು ಮೂವತ್ತು ವರ್ಷದ ಬೆರಿಲ್. ಇನ್ನೂರ ಮೂವತ್ತು ಮೈಲಿ ಕಳೆದಮೇಲೆ ಮ್ಯಾಕ್‌ನಮಾರಾ ಬೆನ್ನು ಆಕೆಗೆ ಕಾಣಿಸಿತು. ಪಕ್ಕಕ್ಕೆ ಬಂದಾಗ ಏನು ಮಾತಾಡಬೇಕೋ ತೋಚದೆ, ಜೇಬಿನಿಂದ ಒಂದು ಲಿಕರಿಸ್ ಮಿಠಾಯಿ ತೆಗೆದು ಕೊಟ್ಟರು. ನಮ್ಮಲ್ಲಿ ಕೆಮ್ಮಿಗೆ ಜಗಿಯುವ ಜ್ಯೇಷ್ಠಮಧುವಿನ ರಸದಿಂದ ಮಾಡುವ, ಬಣ್ಣಬಣ್ಣದ ಚೌಕದ ಮಿಠಾಯಿ ಅದು. ಅವರು ತೆಗೆದುಕೊಂಡು, ಯಾರ್ಕ್‌ಷೈರ್ ಮಾತಿನಲ್ಲಿ ‘ಟಾ, ಲವ್’ (ಥ್ಯಾಂಕ್ಸ್ ಕಣಮ್ಮಾ) ಅಂದರಂತೆ. ಆಕೆ ಮುಂದೆ ಹೋದರು.

ಕಥೆ ಸೊಗಸಾಗಿದೆ, ಸುಳ್ಳೂ ಅಲ್ಲ. ಆದರೆ ಹೇಳುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರಲ್ಲ, ಅದು ಬಹಳ ದಿನದಿಂದ ಮನಸ್ಸಿಗೆ ಚುಚ್ಚುತ್ತಿದೆ. ಕೇಳಿದವರಿಗೆ ಉಳಿಯುವ ಚಿತ್ರ ಏನು? ಸುಸ್ತಾದ ಗಂಡಸೊಬ್ಬನನ್ನು ಗಟ್ಟಿಗಿತ್ತಿಯೊಬ್ಬಳು ನಗುನಗುತ್ತಾ ದಾಟಿ ಹೋದಳು ಅನ್ನುವ ಚಿತ್ರ. ಆವತ್ತು ಮ್ಯಾಕ್‌ನಮಾರಾ ಸುಸ್ತಾಗಿರಲಿಲ್ಲ. ಅವರು ಆ ದಿನ ಮುಗಿಸಿದ್ದು 276.52 ಮೈಲಿ, ಅಂದರೆ 445 ಕಿಲೋಮೀಟರ್. ಹನ್ನೆರಡು ಗಂಟೆಯಲ್ಲಿ ಬ್ರಿಟನ್ನಿನ ಯಾವ ಗಂಡಸೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ಬೆರಿಲ್ ಮುಗಿಸಿದ್ದು 277.25 ಮೈಲಿ, 446.2 ಕಿಲೋಮೀಟರ್. ವ್ಯತ್ಯಾಸ 0.73 ಮೈಲಿ, ನಮ್ಮ ಅಳತೆಯಲ್ಲಿ 1,175 ಮೀಟರ್. ಈ 1,175 ಮೀಟರ್ ಎಲ್ಲಿಂದ ಬಂತು ಅನ್ನುವುದೇ ನನಗೆ ಮಿಠಾಯಿಗಿಂತ ದೊಡ್ಡ ಕಥೆ.

ಗಡಿಯಾರ ನಿಂತಲ್ಲಿ ದೂರ

ಬ್ರಿಟಿಷ್ ಟೈಮ್ ಟ್ರಯಲ್ ಸ್ವಲ್ಪ ಬೇರೆಯದೇ ಲೋಕ. ಟೂರ್ ಡಿ ಫ್ರಾನ್ಸ್ ನೋಡಿ ಅಭ್ಯಾಸವಾದವರಿಗೆ ಇದು ರೇಸ್ ಅಂತಲೇ ಅನಿಸಲಿಕ್ಕಿಲ್ಲ. ಗುಂಪಾಗಿ ರಸ್ತೆಯಲ್ಲಿ ರೇಸ್ ಮಾಡುವುದಕ್ಕೆ ಅಲ್ಲಿನ ಸೈಕ್ಲಿಂಗ್ ಸಂಸ್ಥೆಗಳೇ ಎರಡನೇ ಮಹಾಯುದ್ಧದವರೆಗೂ ಬಿಟ್ಟಿರಲಿಲ್ಲ. ಪೊಲೀಸರ ಕಣ್ಣಿಗೆ ಬೀಳಬಾರದೆಂದು ಒಬ್ಬೊಬ್ಬರನ್ನೇ ನಿಮಿಷಕ್ಕೊಬ್ಬರಂತೆ ಬಿಡುವ ಪದ್ಧತಿ ಬೆಳೆಯಿತು. ಊರಿನ ಹೆಸರು ಹೇಳದೆ ಅಕ್ಷರ ಮತ್ತು ಅಂಕಿಯ ಗುರುತಿನಲ್ಲಿ ರಸ್ತೆಗಳನ್ನು ಕರೆಯುತ್ತಿದ್ದರು. ಯಾರ್ಕ್‌ಷೈರಿನ ರಸ್ತೆಗಳಿಗೆ ಇವತ್ತಿಗೂ ‘ವಿ’ ಅಕ್ಷರ. ಬೆಳಕು ಹರಿಯುವ ಹೊತ್ತಿಗೇ ಶುರು. ಒಬ್ಬರ ಹಿಂದೆ ಒಬ್ಬರು ಗಾಳಿಮರೆಯಲ್ಲಿ ಹೋಗುವಂತಿಲ್ಲ. ದಾಟಿದರೆ ದಾಟಿದ್ದೇ, ಹಿಂದೆ ಬಿದ್ದವರು ದೂರ ಬಿಡಬೇಕು.

ಹನ್ನೆರಡು ಗಂಟೆಯ ರೇಸಿನಲ್ಲಿ ಮುಗಿಯುವ ಗೆರೆ ಅಂತ ಒಂದಿಲ್ಲ. ಮೊದಲು ಉದ್ದನೆಯ ಹೋಗಿ ಬರುವ ರಸ್ತೆಗಳು, ಕೊನೆಯ ಹೊತ್ತಿಗೆ ಎಲ್ಲರೂ ಒಂದು ಸುತ್ತುದಾರಿಗೆ ಬಂದು ಸೇರುತ್ತಾರೆ. ಆ ಸುತ್ತಿನಲ್ಲಿ ಅಳೆದು ಗುರುತು ಮಾಡಿದ ಜಾಗಗಳಲ್ಲಿ ಗಡಿಯಾರ ಹಿಡಿದವರು ಕೂತಿರುತ್ತಾರೆ. ಒಬ್ಬ ಸವಾರ 11 ಗಂಟೆ 55 ನಿಮಿಷಕ್ಕೆ ಒಂದು ಜಾಗ ದಾಟಿದ, ಅಲ್ಲಿಂದ ಐದು ಕಿಲೋಮೀಟರ್ ಆಚೆಯ ಜಾಗವನ್ನು 12 ಗಂಟೆ 3 ನಿಮಿಷಕ್ಕೆ ದಾಟಿದ ಅಂತಿಟ್ಟುಕೊಳ್ಳಿ. ಎಂಟು ನಿಮಿಷಕ್ಕೆ ಐದು ಕಿಲೋಮೀಟರ್. ಹನ್ನೆರಡು ಗಂಟೆ ತುಂಬಿದಾಗ ಐದು ನಿಮಿಷ ಕಳೆದಿತ್ತು. ಹಾಗಾಗಿ ಅವನ ಲೆಕ್ಕಕ್ಕೆ 3.125 ಕಿಲೋಮೀಟರ್ ಸೇರುತ್ತದೆ. ಸಮಯ ಮುಗಿಯಿತೆಂದು ರಸ್ತೆ ಬದಿಗೆ ಕುಸಿಯುವಂತಿಲ್ಲ, ಮುಂದಿನ ಗಡಿಯಾರದವರೆಗೆ ತುಳಿಯಲೇಬೇಕು. 276.52 ಎಂಬಂಥ ಎರಡು ದಶಮಾಂಶದ ಅಂಕಿಗಳು ಬರುವುದು ಈ ಲೆಕ್ಕದಿಂದ.

ಈಗ 1,175 ಮೀಟರ್ ಎಷ್ಟು ಸಣ್ಣದು ನೋಡಿ. ಬೆರಿಲ್ ಅವರ ಸರಾಸರಿ ವೇಗ ಗಂಟೆಗೆ 37.2 ಕಿಲೋಮೀಟರ್. ಅಂದರೆ ಒಂದು ನಿಮಿಷಕ್ಕೆ 620 ಮೀಟರ್. ಎರಡು ನಿಮಿಷ ಇಳಿದು ನಿಂತರೆ 1,240 ಮೀಟರ್ ಕೈಬಿಟ್ಟಿತು, ಗಂಡಸರಿಗಿಂತ ಹೆಚ್ಚಿಗೆ ಗಳಿಸಿದ್ದೆಲ್ಲ ಹೋಯಿತು. ಆ ಕಾಲದ ರೇಸ್ ಸೈಕಲ್ಲುಗಳಿಗೆ ಹಾಕುತ್ತಿದ್ದದ್ದು ಟ್ಯೂಬ್ಯುಲರ್ ಟೈರು: ಟ್ಯೂಬನ್ನು ಒಳಗಿಟ್ಟು ಹೊಲಿದು, ರಿಮ್ಮಿಗೆ ಅಂಟು ಹಾಕಿ ಕೂರಿಸಿದ್ದು. ಪಂಕ್ಚರ್ ಆದರೆ ಅಂಟು ಬಿಡಿಸಿ ಕಿತ್ತು, ಸೀಟಿನಡಿ ಮಡಿಸಿ ಕಟ್ಟಿಕೊಂಡ ಇನ್ನೊಂದನ್ನು ಎಳೆದು ಕೂರಿಸಿ, ಗಾಳಿ ಹೊಡೆಯಬೇಕು. ಕೈ ಪಳಗಿದವರಿಗೂ ಎರಡು ಮೂರು ನಿಮಿಷ. ಪಕ್ಕದಲ್ಲಿ ಸಹಾಯಕರು ಚಕ್ರ ಹಿಡಿದು ನಿಂತಿದ್ದರೆ ಬದುಕಿದಂತೆ, ಇಲ್ಲದಿದ್ದರೆ ದಾಖಲೆ ಅಲ್ಲಿಗೆ ಮುಗಿಯಿತು.

ಊಟವೂ ಅಷ್ಟೇ. ಅಷ್ಟು ವೇಗದಲ್ಲಿ ಹನ್ನೆರಡು ಗಂಟೆ ತುಳಿದರೆ ದೇಹ ಸುಡುವುದು ಅಂದಾಜು ಏಳೆಂಟು ಸಾವಿರ ಕಿಲೋಕ್ಯಾಲರಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಸಕ್ಕರೆ ಎರಡು ಸಾವಿರ ಕಿಲೋಕ್ಯಾಲರಿಯಷ್ಟು ಮಾತ್ರ. ಮಿಕ್ಕಿದ್ದು ಕೊಬ್ಬಿನಿಂದ ಮತ್ತು ದಾರಿಯಲ್ಲಿ ತಿಂದದ್ದರಿಂದ ಬರಬೇಕು. ಹೊಟ್ಟೆಯಾದರೋ ಗಂಟೆಗೆ ಅರವತ್ತು ಗ್ರಾಂ ಸಕ್ಕರೆಗಿಂತ ಹೆಚ್ಚು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಮೊದಲ ಮೂರು ಗಂಟೆ ಹಸಿವಿಲ್ಲವೆಂದು ತಿನ್ನದೆ ಬಿಟ್ಟವರು ಏಳನೆಯ ಗಂಟೆಗೆ ಕೈಕಾಲು ನಡುಗಿ ನಿಲ್ಲುತ್ತಾರೆ. ಆಗ ಒಂದೇ ಸಲ ತಿಂದರೆ ವಾಂತಿ. ಬ್ರಿಟಿಷ್ ಸವಾರರು ಅಕ್ಕಿ ಪಾಯಸವನ್ನೇ ಹೊತ್ತುಕೊಂಡು ಹೋಗುತ್ತಿದ್ದ ಕಾಲ ಅದು. ಬೇಯಿಸಿ ಮೆತ್ತಗಾದ ಅನ್ನ, ಹಾಲು, ಸಕ್ಕರೆ: ಜಗಿಯುವ ಕೆಲಸವಿಲ್ಲ, ಗಂಟಲಿಗೆ ಇಳಿಯುತ್ತದೆ.

ಈ ಊಟ, ನೀರು ಕೊಡುವುದೂ ಒಂದು ಕಸುಬು. ಸೈಕಲ್ಲು ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಬರುತ್ತಿರುತ್ತದೆ. ಕೊಡುವವರು ಅದೇ ದಿಕ್ಕಿಗೆ ಓಡುತ್ತಾ, ಬಾಟಲಿಯ ಕತ್ತನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಸವಾರರ ಕೈ ತಗುಲಿದ ತಕ್ಷಣ ಬಿಟ್ಟುಬಿಡಬೇಕು. ಬಿಗಿಯಾಗಿ ಹಿಡಿದರೆ ಸವಾರರ ಮಣಿಕಟ್ಟು ತಿರುಚಿ ಹ್ಯಾಂಡಲ್ ಎಳೆಯುತ್ತದೆ, ನಿಂತಲ್ಲೇ ನಿಂತರೆ ಬಾಟಲಿ ಕೆಳಗೆ ಬೀಳುತ್ತದೆ. ಪ್ರತಿ ಸಲವೂ ನಿಧಾನ ಮಾಡಿ ಮತ್ತೆ ವೇಗ ಹಿಡಿಯುವಾಗ ಐದು ಸೆಕೆಂಡ್ ಹೋಯಿತು ಅಂದುಕೊಳ್ಳಿ. ಹದಿನೈದು ಸಲಕ್ಕೆ 75 ಸೆಕೆಂಡ್, ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು. ಬೆರಿಲ್ ಅವರಿಗೆ ವರ್ಷಗಟ್ಟಲೆ ಈ ಕೆಲಸ ಮಾಡಿದವರು ಗಂಡ ಚಾರ್ಲಿ ಬರ್ಟನ್. ಆ 1,175 ಮೀಟರಿನಲ್ಲಿ ಚಾರ್ಲಿ ಪಾಲು ಎಷ್ಟು ಅಂತ ಅಳೆಯಲಾಗದು, ಆದರೆ ಇದೆ.

ಇನ್ನು ವೇಗವನ್ನು ಹಂಚಿಕೊಳ್ಳುವ ಲೆಕ್ಕ. ಮೊದಲ ಆರು ಗಂಟೆ 39 ಕಿಲೋಮೀಟರ್ ವೇಗದಲ್ಲಿ ಹೋಗಿ, ಉಳಿದ ಆರು ಗಂಟೆ 35.4ಕ್ಕೆ ಇಳಿದರೂ ಒಟ್ಟು ದೂರ 446 ಕಿಲೋಮೀಟರೇ. ಕಾಗದದ ಮೇಲೆ ಎರಡೂ ಒಂದೇ. ಆದರೆ ಗಾಳಿಯನ್ನು ಸೀಳಲು ಪ್ರತಿ ಸೆಕೆಂಡಿಗೆ ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಶೇ 1 ಹೆಚ್ಚಬೇಕಾದರೆ ಶೇ 3ರಷ್ಟು ಹೆಚ್ಚು ತುಳಿಯಬೇಕು. ಹಾಗೆ ಏರುಪೇರಾಗಿ ಹೋದವರು ಸಮವಾಗಿ ಹೋದವರಿಗಿಂತ ಶೇ 0.7ರಷ್ಟು ಹೆಚ್ಚು ಶಕ್ತಿ ಕಳೆದಿರುತ್ತಾರೆ. ಬೆರಿಲ್ ಮತ್ತು ಮ್ಯಾಕ್‌ನಮಾರಾ ನಡುವಿನ ಅಂತರ ದೂರದಲ್ಲಿ ಶೇ 0.26, ಶಕ್ತಿಗೆ ತಿರುಗಿಸಿದರೆ ಹೆಚ್ಚುಕಡಿಮೆ ಅಷ್ಟೇ, ಶೇ 0.8. ಬೆಳಗ್ಗೆ ಉತ್ಸಾಹದಲ್ಲಿ ಸ್ವಲ್ಪ ಜಾಸ್ತಿ ತುಳಿದುಬಿಟ್ಟಿದ್ದರೆ ಈ ಕಥೆ ನಮಗೆ ಸಿಗುತ್ತಲೇ ಇರಲಿಲ್ಲ. ಹತ್ತಿರದಲ್ಲಿ ವೇಗ ತೋರಿಸುವ ಯಂತ್ರವಿಲ್ಲ, ಹೃದಯಬಡಿತ ತೋರಿಸುವ ಪಟ್ಟಿಯಿಲ್ಲ. ಉಸಿರು, ಕಾಲು, ರಸ್ತೆ ಬದಿಯಲ್ಲಿ ಕೂಗಿ ಹೇಳುವ ಸಮಯ, ಇಷ್ಟೇ.

ಇನ್ನೊಂದು ವಿಷಯ. ಮುಗಿದಾಗಿನ 0.73 ಮೈಲಿಯನ್ನು ಸಮಯಕ್ಕೆ ತಿರುಗಿಸಿದರೆ ಒಂದು ನಿಮಿಷ 54 ಸೆಕೆಂಡ್. ಶುರುವಿನಲ್ಲಿ ಇಬ್ಬರ ನಡುವೆ ಇದ್ದದ್ದು ಎರಡು ನಿಮಿಷ. ಅಂದರೆ ಬೆರಿಲ್ ಹಿಂದಿನಿಂದ ಬಂದು ದಾಟುವ ಹೊತ್ತಿಗೇ ಗಳಿಸಬೇಕಾದದ್ದನ್ನೆಲ್ಲ ಗಳಿಸಿಯಾಗಿತ್ತು. ಆಮೇಲೆ ಮ್ಯಾಕ್‌ನಮಾರಾ ಸೋತು ಕೂರಲಿಲ್ಲ. ಹೆಂಗಸೊಬ್ಬಳು ದಾಟಿಹೋದ ಮೇಲೂ ತಮ್ಮ ವೇಗ ಬಿಡದೆ, ಗಂಡಸರ ದಾಖಲೆ ಮಾಡಿ, ಬೇರೆ ಬೇರೆ ಟೈಮ್ ಟ್ರಯಲ್‌ಗಳ ಸರಾಸರಿ ವೇಗ ನೋಡಿ ಕೊಡುವ ‘ಬ್ರಿಟಿಷ್ ಬೆಸ್ಟ್ ಆಲ್‌ರೌಂಡರ್’ ಎಂಬ ಪಟ್ಟವನ್ನೂ ಆ ವರ್ಷ ಗಂಡಸರಲ್ಲಿ ಗೆದ್ದರು. ಮಿಠಾಯಿ ಕಥೆಯಲ್ಲಿ ಅವರಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ಕತ್ತಲೆಯಲ್ಲಿ ಬೆಳೆಯುವ ದಂಟು

ಬೆರಿಲ್ ಹುಟ್ಟಿದ್ದು 1937ರ ಮೇ 12ರಂದು, ಲೀಡ್ಸ್ ನಗರದ ಹಾಲ್ಟನ್‌ನಲ್ಲಿ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಒಂಬತ್ತು ತಿಂಗಳು ಆಸ್ಪತ್ರೆ, ಆಮೇಲೆ ಹದಿನೈದು ತಿಂಗಳು ಆರೈಕೆಯ ಮನೆ. ಹೃದಯಕ್ಕೆ ಪೆಟ್ಟು ಕೊಡುವ ಜ್ವರ ಅದು. ಮೈಗೆ ಶ್ರಮವಾಗುವ ಕೆಲಸ ಬೇಡವೆಂದು ವೈದ್ಯರು ಹೇಳಿದ್ದರು. 1955ರಲ್ಲಿ ಮದುವೆ. ಸೈಕಲ್ ಗೀಳು ಹತ್ತಿಸಿದವರು ಚಾರ್ಲಿಯೇ. 1956ರಲ್ಲಿ ಮಗಳು ಡೆನಿಸ್ ಹುಟ್ಟಿದಳು. ಅದಾಗಿ ಮೂರು ವರ್ಷಕ್ಕೆ, 1959ರಲ್ಲಿ, ಬೆರಿಲ್ ಟ್ರ್ಯಾಕಿನಲ್ಲಿ ವಿಶ್ವ ಚಾಂಪಿಯನ್.

ದುಡಿಮೆಗೆ ಹೋಗುತ್ತಿದ್ದದ್ದು ಮಾರ್ಲಿಯಲ್ಲಿದ್ದ ನಿಮ್ ಕಾರ್ಲೈನ್ ಅವರ ರೂಬಾರ್ಬ್ ತೋಟಕ್ಕೆ. ನಿಮ್ ಸ್ವತಃ ಇಪ್ಪತ್ತನಾಲ್ಕು ಗಂಟೆಯ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಮಾರ್ಲಿ, ವೇಕ್‌ಫೀಲ್ಡ್, ರಾತ್‌ವೆಲ್ ನಡುವಿನ ಆ ಪ್ರದೇಶ ಈ ಬೆಳೆಗೇ ಹೆಸರಾದದ್ದು. ರೂಬಾರ್ಬ್ ನೋಡಲು ಕೆಸುವಿನ ದಂಟಿನ ಹಾಗೆ, ಕೆಂಪಗೆ, ಹುಳಿ. ಸಕ್ಕರೆ ಹಾಕಿ ಬೇಯಿಸುತ್ತಾರೆ, ಎಲೆ ತಿನ್ನುವಂತಿಲ್ಲ, ವಿಷ. ಎರಡು ವರ್ಷ ಹೊಲದಲ್ಲಿ ಏನೂ ಕೀಳದೆ ಬೇರು ಬಲಿಯಲು ಬಿಡುತ್ತಾರೆ. ಚಳಿಗಾಲದ ಮಂಜಿಗೆ ಸಿಕ್ಕಮೇಲೆ ಮಣ್ಣಿನ ಸಮೇತ ಅಗೆದು, ಎತ್ತಿ, ಬೆಳಕು ಬಾರದ ಬೆಚ್ಚಗಿನ ಉದ್ದನೆಯ ಕೊಟ್ಟಿಗೆಗಳಲ್ಲಿ ಒತ್ತೊತ್ತಾಗಿ ಇಡುತ್ತಾರೆ. ಬೆಳಕಿಲ್ಲದ್ದರಿಂದ ಎಲೆ ಬೆಳೆಯದೆ ದಂಟು ಎಳೆಯದಾಗಿ ನೆಟ್ಟಗೆ ಮೇಲೇಳುತ್ತದೆ. ಕೀಳುವುದು ಮೇಣದ ಬತ್ತಿಯ ಬೆಳಕಿನಲ್ಲಿ.

ಕೆಲಸದ ಹೊತ್ತು ಯಾವುದು ಅನ್ನುವುದು ಇಲ್ಲಿ ಮುಖ್ಯ. ಬೇರು ಅಗೆದು ಹೊರುವ ಭಾರದ ಕೆಲಸ ಬರುವುದು ನವೆಂಬರಿನಿಂದಾಚೆ, ರೇಸುಗಳು ನಿಂತ ತಿಂಗಳುಗಳಲ್ಲಿ. ಹನ್ನೆರಡು ಗಂಟೆಯ ರೇಸಿನಲ್ಲಿ ತೊಡೆಗಿಂತ ಮೊದಲು ಕೈಕೊಡುವುದು ಸೊಂಟ, ಕುತ್ತಿಗೆ, ಭುಜ. ಒಂಬತ್ತನೆಯ ಗಂಟೆಯಲ್ಲಿ ಕುತ್ತಿಗೆ ಎತ್ತಲಾಗದೆ ಹ್ಯಾಂಡಲಿನ ಮೇಲ್ಭಾಗ ಹಿಡಿದು ಎದ್ದು ಕೂತರೆ, ಎದೆ ಗಾಳಿಗೆ ಒಡ್ಡಿ ವೇಗ ತಾನಾಗಿ ಇಳಿಯುತ್ತದೆ. ಚಳಿಗಾಲವಿಡೀ ಬಗ್ಗಿ ಮಣ್ಣಿನ ಮುದ್ದೆ ಎತ್ತಿದ ಬೆನ್ನು ಬಗ್ಗಿಯೇ ಇರಬಲ್ಲದು. ಇವತ್ತಿನ ಸೈಕಲ್ ಸವಾರರು ಜಿಮ್ಮಿನಲ್ಲಿ ಮಾಡುವುದನ್ನು ಆಕೆ ಕೂಲಿಗಾಗಿ ಮಾಡಿದರು. ಹಾಗಂತ ಆ ಬದುಕನ್ನು ಚಂದ ಮಾಡಿ ಹೇಳಲು ಮನಸ್ಸಾಗುವುದಿಲ್ಲ. ದಿನವಿಡೀ ದುಡಿದು, ಅದರ ಮೇಲೆ ನೂರಾರು ಕಿಲೋಮೀಟರ್ ತುಳಿದು, ಮನೆ ನೋಡಿಕೊಂಡು, ಯಾವ ಸಂಬಳವೂ ಇಲ್ಲದ ಅಮೆಚೂರ್ ಆಗಿಯೇ ಕೊನೆವರೆಗೂ ಉಳಿದರು.

ಎರಡು ವಾರದ ಹಿಂದೆ, ಹೇರ್ಲೆನ್

ಓಟ್ಲಿಯ ಆ ಭಾನುವಾರಕ್ಕೆ ಎರಡು ವಾರ ಮುಂಚೆ ನೆದರ್ಲೆಂಡ್ಸ್‌ನ ಹೇರ್ಲೆನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಿತ್ತು. ಗಂಡಸರ ವೃತ್ತಿಪರ ರೇಸನ್ನು ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಗೆದ್ದರು, ಅವರ ಮೊದಲ ವೃತ್ತಿಪರ ವಿಶ್ವ ಪಟ್ಟ. ಹೆಂಗಸರ ರಸ್ತೆ ರೇಸನ್ನು ಬೆರಿಲ್ ಗೆದ್ದರು, ಅದು ಎರಡನೆಯ ಸಲ. ಮೊದಲನೆಯದು 1960ರಲ್ಲಿ ಪೂರ್ವ ಜರ್ಮನಿಯ ಝಾಕ್ಸನ್‌ರಿಂಗ್‌ನಲ್ಲಿ. ಗೆದ್ದ ರೀತಿ ಆಕೆಯದೇ: ಗುಂಪಿನಿಂದ ಬಿಡಿಸಿಕೊಂಡು ಮುಂದೆ ಹೋಗಿ, ಒಬ್ಬಳೇ ಟೈಮ್ ಟ್ರಯಲ್ ಹೊಡೆದ ಹಾಗೆ ಕೊನೆವರೆಗೂ ತುಳಿಯುವುದು. ಕೊನೆಯ ಇನ್ನೂರು ಮೀಟರಿನ ಸ್ಪ್ರಿಂಟ್ ಆಕೆಯ ಬಲವಲ್ಲ. ಟ್ರ್ಯಾಕಿನಲ್ಲಿ 3 ಕಿಲೋಮೀಟರ್ ಪರ್ಸ್ಯೂಟ್ (ಎದುರುಬದುರು ಬದಿಯಿಂದ ಹೊರಟ ಇಬ್ಬರು ಒಬ್ಬರನ್ನೊಬ್ಬರು ಬೆನ್ನಟ್ಟುವ ರೇಸ್) ಐದು ಸಲ ಗೆದ್ದದ್ದೂ ಸೇರಿ ಒಟ್ಟು ಏಳು ವಿಶ್ವ ಪಟ್ಟ.

ಏಳೇ ಯಾಕೆ? ಆಗ ಹೆಂಗಸರಿಗೆ ವಿಶ್ವ ಮಟ್ಟದ ಟೈಮ್ ಟ್ರಯಲ್ಲೇ ಇರಲಿಲ್ಲ. ಆಕೆ ಯಾವುದರಲ್ಲಿ ಜಗತ್ತಿನಲ್ಲೇ ಮೊದಲಿಗಳೋ ಅದಕ್ಕೆ ಪದಕವೇ ಇಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಸೈಕ್ಲಿಂಗ್ ಶುರುವಾದದ್ದು 1984ರ ಲಾಸ್ ಏಂಜಲೀಸ್‌ನಲ್ಲಿ, ಆಗ ಬೆರಿಲ್‌ಗೆ 47 ವರ್ಷ. ಹೆಂಗಸರ ಬೆಸ್ಟ್ ಆಲ್‌ರೌಂಡರ್ ಪಟ್ಟಕ್ಕೆ 25, 50 ಮತ್ತು 100 ಮೈಲಿಗಳ ಸರಾಸರಿಯನ್ನು ಲೆಕ್ಕ ಹಾಕುತ್ತಿದ್ದರು. ಹನ್ನೆರಡು ಗಂಟೆ ಇದ್ದದ್ದು ಗಂಡಸರ ಪಟ್ಟಿಯಲ್ಲಿ. ಓಟ್ಲಿಯ 277.25 ಮೈಲಿ ಆ ವರ್ಷದ ಪಟ್ಟಕ್ಕೆ ಒಂದು ಅಂಕವನ್ನೂ ಕೂಡಿಸಲಿಲ್ಲ. ಆದರೂ ಹೋದರು. ಆ ಪಟ್ಟವನ್ನಾದರೋ 1959ರಿಂದ 1983ರವರೆಗೆ ಒಂದು ವರ್ಷವೂ ಬಿಡದೆ 25 ಸಲ ಗೆದ್ದರು. 1968ರಲ್ಲಿ 100 ಮೈಲಿಯನ್ನು 3 ಗಂಟೆ 55 ನಿಮಿಷ 5 ಸೆಕೆಂಡಿನಲ್ಲಿ ಮುಗಿಸಿದರು; ನಾಲ್ಕು ಗಂಟೆಯೊಳಗೆ ಹೋದ ಮೊದಲ ಹೆಂಗಸು. ಅದೇ ವರ್ಷ ಫ್ರಾನ್ಸಿನ ಗ್ರಾಂ ಪ್ರಿ ದೆ ನಾಸ್ಯೋಂ ಟೈಮ್ ಟ್ರಯಲ್‌ಗೆ ಕರೆ ಬಂತು. ಗಂಡಸರಿಗಿಂತ ಮೊದಲು, ಸ್ಪರ್ಧೆಯ ಲೆಕ್ಕಕ್ಕೆ ಸೇರದೆ, 73.5 ಕಿಲೋಮೀಟರನ್ನು ಗಂಟೆಗೆ ಸುಮಾರು 42ರ ವೇಗದಲ್ಲಿ ತುಳಿದರು. ಗೆದ್ದ ಫೆಲಿಚೆ ಜಿಮೊಂಡಿ ಹನ್ನೆರಡು ನಿಮಿಷದಷ್ಟು ಬೇಗ ಮುಗಿಸಿದ್ದರು. ಟೂರ್ ಡಿ ಫ್ರಾನ್ಸ್ ಗೆದ್ದಿದ್ದ ವೃತ್ತಿಪರನಿಗೂ ತೋಟದ ಕೂಲಿ ಹೆಂಗಸಿಗೂ ನಡುವೆ ಅಷ್ಟೇ ಅಂತರ.

ಕೈ ಕುಲುಕದ ದಿನ

ಮಿಠಾಯಿ ಕೊಟ್ಟ ಬೆರಿಲ್ ಎಲ್ಲರಿಗೂ ಪ್ರಿಯ. 1976ರ ಬೆರಿಲ್ ಬಗ್ಗೆ ಹೇಳುವಾಗ ದನಿ ತಗ್ಗುತ್ತದೆ. ಆ ವರ್ಷದ ರಾಷ್ಟ್ರೀಯ ರಸ್ತೆ ರೇಸಿನಲ್ಲಿ 39ರ ಅಮ್ಮನೂ 20ರ ಮಗಳೂ ಗುಂಪಿನಿಂದ ಬಿಡಿಸಿಕೊಂಡು ಮುಂದಿದ್ದರು. ಕೊನೆಯ ಸ್ಪ್ರಿಂಟಿನಲ್ಲಿ ಡೆನಿಸ್ ಗೆದ್ದರು. ಬಹುಮಾನದ ವೇದಿಕೆಯ ಮೇಲೆ ಬೆರಿಲ್ ಮಗಳ ಕೈ ಕುಲುಕಲಿಲ್ಲ.

ಇದಕ್ಕೆ ಕಾರಣ ತಿಳಿಯಬೇಕಾದರೆ ಮುಂದೆ ಓಡಿದ ಸಣ್ಣ ಗುಂಪು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಮುಂದಿರುವವರು ಗಾಳಿ ಸೀಳುತ್ತಾರೆ. ಅವರ ಹಿಂದಿನ ಚಕ್ರಕ್ಕೆ ಅಂಟಿಕೊಂಡವರಿಗೆ ಮೂರನೇ ಒಂದು ಪಾಲಿನವರೆಗೂ ಶ್ರಮ ಉಳಿಯುತ್ತದೆ. ಹಾಗಾಗಿ ಸರದಿಯಂತೆ ಅರ್ಧ ನಿಮಿಷ, ಒಂದು ನಿಮಿಷ ಮುಂದೆ ಬಂದು ಎಳೆದು, ಪಕ್ಕಕ್ಕೆ ಸರಿದು, ಹಿಂದೆ ಸೇರಿಕೊಳ್ಳಬೇಕು. ಒಬ್ಬರು ಸರದಿ ತಪ್ಪಿಸಿದರೆ ಇನ್ನೊಬ್ಬರಿಗೆ ಎರಡೇ ದಾರಿ: ತಾವೂ ನಿಲ್ಲಿಸಿ ಹಿಂದಿನ ಗುಂಪಿಗೆ ಸಿಕ್ಕಿಬೀಳುವುದು, ಇಲ್ಲವೇ ಎಲ್ಲರನ್ನೂ ಎಳೆದುಕೊಂಡು ಹೋಗಿ ಕೊನೆಗೆ ಕಾಲು ಸೋತು ಸ್ಪ್ರಿಂಟಿನಲ್ಲಿ ಬಿಟ್ಟುಕೊಡುವುದು. ಮಗಳು ತನ್ನ ಪಾಲಿನ ಕೆಲಸ ಮಾಡಲಿಲ್ಲ ಎಂಬುದು ಬೆರಿಲ್ ಅವರ ದೂರು. ಡೆನಿಸ್ ಕಡೆಯಿಂದ ನೋಡಿದರೆ, ಬಿಟ್ಟರೆ ಒಬ್ಬಳೇ ಓಡಿಹೋಗುವ ಎದುರಾಳಿಯ ಚಕ್ರ ಬಿಡದೆ ಹಿಡಿದು, ಆಕೆಗೆ ಬಾರದ ಸ್ಪ್ರಿಂಟಿಗೆ ಕಾಯುವುದೇ ಸರಿಯಾದ ರೇಸ್. ಇಬ್ಬರ ಲೆಕ್ಕವೂ ಸರಿ. ಬೆರಿಲ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಅದು ಕ್ರೀಡೆಗೆ ತಕ್ಕ ನಡವಳಿಕೆಯಾಗಿರಲಿಲ್ಲ ಎಂದು ಒಪ್ಪಿಕೊಂಡರು.

ಈ ಘಟನೆಯನ್ನು ಒಂದು ಕೆಟ್ಟ ದಿನವೆಂದು ಬದಿಗಿಡುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಇಪ್ಪತ್ತು ವರ್ಷ ಗಾಳಿಗೆ ಒಬ್ಬಳೇ ಎದೆಕೊಟ್ಟು ತುಳಿದವರಿಗೆ ಗಾಳಿಮರೆಯಲ್ಲಿ ಕೂತು ಗೆಲ್ಲುವುದು ಗೆಲುವಾಗಿ ಕಾಣಲಿಲ್ಲ. ಅದನ್ನು ಸ್ವಂತ ಮಗಳೇ ಮಾಡಿದಾಗಲೂ ಕಾಣಲಿಲ್ಲ. ತಾವು ಮ್ಯಾಕ್‌ನಮಾರಾ ಪಕ್ಕಕ್ಕೆ ಬಂದಾಗ ಬೆರಿಲ್‌ಗೆ ‘ಅಯ್ಯೋ ಪಾಪ’ ಅನ್ನಿಸಿತ್ತು; ಹಾಗೆ ಅನ್ನಿಸಿದ್ದೂ ಇದೇ ಮನಸ್ಸಿಗೆ: ಅವರೂ ಒಬ್ಬರೇ, ಯಾರ ಮರೆಯೂ ಇಲ್ಲದೆ ದುಡಿದಿದ್ದರು. ಅಮ್ಮ ಮಗಳು ಆಮೇಲೆ ರಾಜಿಯಾದರು. 1982ರಲ್ಲಿ ಇಬ್ಬರೂ ಒಟ್ಟಿಗೆ ತುಳಿಯುವ ಜೋಡಿ ಸೈಕಲ್ (ಟ್ಯಾಂಡೆಮ್) ಏರಿ ಹತ್ತು ಮೈಲಿಯ ಬ್ರಿಟಿಷ್ ದಾಖಲೆ ಮಾಡಿದರು. ಜೋಡಿ ಸೈಕಲ್ಲಿನಲ್ಲಿ ಇಬ್ಬರ ಪೆಡಲ್ಲುಗಳೂ ಒಂದೇ ಚೈನಿನ ಲೆಕ್ಕಕ್ಕೆ ತಿರುಗುತ್ತವೆ, ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರಿಗೆ ಕಾಲಿನಲ್ಲೇ ಗೊತ್ತಾಗುತ್ತದೆ.

ಐವತ್ತು ವರ್ಷ

ಗಂಡಸರು 277.25 ಮೈಲಿ ದಾಟಿದ್ದು 1969ರಲ್ಲಿ. ಎರಡು ವರ್ಷ ಬ್ರಿಟನ್ನಿನ ದಾಖಲೆ ಪಟ್ಟಿಯಲ್ಲಿ ಗಂಡಸರ ಸಾಲಿನ ಅಂಕಿಗಿಂತ ಹೆಂಗಸರ ಸಾಲಿನ ಅಂಕಿ ದೊಡ್ಡದಿತ್ತು. ಹೆಂಗಸರಲ್ಲಿ ಅದನ್ನು ದಾಟಲು 2017ರವರೆಗೆ ಕಾಯಬೇಕಾಯಿತು. ಆಲಿಸ್ ಲೆತ್‌ಬ್ರಿಜ್ 285.65 ಮೈಲಿ ತುಳಿದರು, ಬೆರಿಲ್‌ಗಿಂತ ಹದಿಮೂರುವರೆ ಕಿಲೋಮೀಟರ್ ಹೆಚ್ಚು. ನಡುವಿನ ಐವತ್ತು ವರ್ಷದಲ್ಲಿ ಮೊಣಕೈ ಊರಿ ಮಲಗಿದಂತೆ ಕೂರುವ ಹ್ಯಾಂಡಲ್ ಬಂತು, ಕಾರ್ಬನ್ ಚೌಕಟ್ಟು ಬಂತು, ತಟ್ಟೆಯಂಥ ಹಿಂದಿನ ಚಕ್ರ ಬಂತು, ಕಾಲಿನ ಶಕ್ತಿಯನ್ನು ವ್ಯಾಟಿನಲ್ಲಿ ತೋರಿಸುವ ಯಂತ್ರ ಬಂತು. ಮೊಣಕೈ ಹ್ಯಾಂಡಲ್ ಒಂದೇ ಗಾಳಿಯ ತಡೆಯನ್ನು ಎಷ್ಟು ಇಳಿಸುತ್ತದೆಂದರೆ, ಅದನ್ನು ಬಳಸಿದವರಿಗೂ ಬಳಸದವರಿಗೂ ಹೋಲಿಕೆಯೇ ನ್ಯಾಯವಲ್ಲ. ಇದನ್ನು ಹೇಳುವುದು ಲೆತ್‌ಬ್ರಿಜ್ ಸಾಧನೆ ಸಣ್ಣದೆಂದಲ್ಲ. ಹನ್ನೆರಡು ಗಂಟೆ ಅವರಿಗೂ ಹನ್ನೆರಡೇ ಗಂಟೆ.

ದಾಖಲೆ ಮುರಿಯುವುದನ್ನು ನೋಡಲು ಬೆರಿಲ್ ಇರಲಿಲ್ಲ. 1983ರ ನಂತರವೂ ರೇಸಿಗೆ ಹೋಗುತ್ತಲೇ ಇದ್ದರು, ಗೆಲ್ಲದೆ ಹೋದಾಗಲೂ ನಂಬರು ಕಟ್ಟಿಕೊಂಡು ಹೊರಡುತ್ತಿದ್ದರು. 1996ರ ಮೇ 5ರಂದು ಸೈಕಲ್ ಹತ್ತಿ ಮನೆಯಿಂದ ಹೊರಟದ್ದು ರೇಸಿಗಲ್ಲ. ವಾರ ಕಳೆದರೆ 59ನೆಯ ಹುಟ್ಟುಹಬ್ಬ; ಅದರ ಆಮಂತ್ರಣಗಳನ್ನು ಹಂಚಲು ಹೋಗುತ್ತಿದ್ದರು. ದಾರಿಯಲ್ಲೇ ಹೃದಯ ನಿಂತಿತು.